ಫೆರೆಟ್, ಮೀನೆಣ್ಣೆ ಮತ್ತು ಒಂದು ಹನಿ ಹೆಚ್ಚು

ಫೆರೆಟ್ ಅಂತ ಒಂದು ಪ್ರಾಣಿ ಇದೆ. ನಮ್ಮಲ್ಲಿ ಬಹಳ ಜನ ಅದನ್ನು ಇಂಗ್ಲಿಷ್ ಸಿನಿಮಾಗಳಲ್ಲಿ ನೋಡಿರಬಹುದು, ಅಷ್ಟೇ. ನೋಡೋಕೆ ಮುಂಗುಸಿಯ ತಮ್ಮನ ಹಾಗಿರುತ್ತದೆ. ಉದ್ದ ಮೈ, ಗಿಡ್ಡ ಕಾಲು, ಚೂಪು ಮೂತಿ, ಎಚ್ಚರ ಇದ್ದಷ್ಟು ಹೊತ್ತು ಒಂದು ನಿಮಿಷ ಸುಮ್ಮನಿರದ ಸ್ವಭಾವ. ಆದರೆ ಮುಂಗುಸಿಗೂ ಇದಕ್ಕೂ ನೆಂಟಸ್ತಿಕೆ ಬಹಳ ದೂರದ್ದು. ಇದರ ಹತ್ತಿರದ ದಾಯಾದಿ ಬೇಕೆಂದರೆ ನಮ್ಮ ಕಾವೇರಿಯ ನೀರುನಾಯಿಯನ್ನು ನೋಡಬೇಕು. ಯುರೋಪಿನ ಪೋಲ್‌ಕ್ಯಾಟ್ ಎಂಬ ಕಾಡುಪ್ರಾಣಿಯನ್ನು ಪಳಗಿಸಿ ಮನುಷ್ಯ ಮಾಡಿಕೊಂಡ ಸಾಕುಪ್ರಾಣಿ ಇದು. ಹೆಣ್ಣಾದರೆ ಒಂದು ಕಿಲೋದೊಳಗೆ, ಗಂಡಾದರೆ ಒಂದೂವರೆ, ಹೆಚ್ಚೆಂದರೆ ಎರಡು ಕಿಲೋ ತೂಗುತ್ತದೆ.

ಅಮೆರಿಕ, ಯುರೋಪಿನ ಸಾಕುಪ್ರಾಣಿ ಅಂಗಡಿಗಳಲ್ಲಿ ಈ ಒಂದು ಕಿಲೋ ಪ್ರಾಣಿಗಾಗಿ ಎಷ್ಟೆಲ್ಲಾ ಬಾಟಲಿಗಳಿವೆ ಅಂತೀರಿ! ಮೈ ಮಿನುಗಲು ಎಣ್ಣೆ, ತೂಕ ಹೆಚ್ಚಲು ಪೇಸ್ಟ್, ಕಣ್ಣಿಗೆ ಟಾರಿನ್, ರಕ್ತಕ್ಕೆ ಕಬ್ಬಿಣ, ಎಲ್ಲಕ್ಕೂ ಸೇರಿಸಿ ಒಂದು ಮಲ್ಟಿವಿಟಮಿನ್. ಅದರಲ್ಲಿ ಯಾವುದನ್ನು ಆರಿಸಬೇಕು? ಅಂಗಡಿಯವನನ್ನು ಕೇಳಿದರೆ ಎಲ್ಲವೂ ಒಳ್ಳೆಯದೇ. ಇತಿಹಾಸವನ್ನು ಕೇಳಿದರೆ ಬೇರೆ ಉತ್ತರ ಬರುತ್ತದೆ. ಆ ಕಪಾಟಿನ ಬಹಳಷ್ಟು ಬಾಟಲಿಗಳ ಹಿಂದೆ ಒಂದೊಂದು ಸಾವಿನ ಕತೆ ಇದೆ. ಎಲ್ಲೋ ಯಾವಾಗಲೋ ಮನುಷ್ಯ ಒಂದು ಪ್ರಾಣಿಗೆ ತಪ್ಪು ಊಟ ಹಾಕಿದ, ಅದು ಸತ್ತಿತು, ಯಾಕೆ ಸತ್ತಿತು ಅಂತ ಯಾರೋ ಹುಡುಕಿದರು, ಆಮೇಲೆ ಬಾಟಲಿ ಬಂತು. ಆ ಕತೆ ಗೊತ್ತಿದ್ದರೆ ಆಯ್ಕೆ ಸುಲಭ. ಗೊತ್ತಿಲ್ಲದೆ ಕೊಂಡರೆ ಔಷಧವೇ ವಿಷ ಆಗುವ ಸಾಧ್ಯತೆ ಉಂಟು. ಇದು ಬರೀ ಫೆರೆಟ್ ಸಾಕುವವರ ಕತೆ ಅಲ್ಲ, ಕೊನೆಗೆ ಅದು ನಮ್ಮ ಮನೆಯ ಔಷಧಿ ಡಬ್ಬಿಗೂ ಬಂದು ನಿಲ್ಲುತ್ತದೆ. ಸ್ವಲ್ಪ ತಾಳ್ಮೆಯಿಂದ ಓದಿ.

ಬಾಯಿಕುಕ್ಕೆ ಕಟ್ಟಿಸಿಕೊಂಡ ಬೇಟೆಗಾರ

ಎರಡು ಸಾವಿರ ವರ್ಷ ಹಿಂದಕ್ಕೆ ಹೋಗೋಣ. ಸ್ಪೇನಿನ ಪಕ್ಕದ ಬಾಲಿಯಾರಿಕ್ ದ್ವೀಪಗಳಲ್ಲಿ ಮೊಲಗಳ ಕಾಟ ವಿಪರೀತ ಆಗಿತ್ತು. ಪೈರು ಉಳಿಯುತ್ತಿರಲಿಲ್ಲ. ಅಲ್ಲಿನ ಜನ ರೋಮಿನ ಚಕ್ರವರ್ತಿ ಆಗಸ್ಟಸ್‌ನ ಹತ್ತಿರ ಸೈನ್ಯದ ಸಹಾಯ ಕೇಳಿದರು ಅಂತ ಪ್ಲೀನಿ ಬರೆದಿದ್ದಾನೆ. ಮೊಲದ ಮೇಲೆ ಯುದ್ಧಕ್ಕೆ ಸೈನ್ಯ! ಭೂಗೋಳಕಾರ ಸ್ಟ್ರಾಬೋ ಇದೇ ಮೊಲಗಳ ವಿಷಯ ಹೇಳುತ್ತಾ ಆಫ್ರಿಕಾದ ಲಿಬಿಯಾ ಕಡೆಯ ಒಂದು ಪ್ರಾಣಿಯನ್ನು ಹೆಸರಿಸುತ್ತಾನೆ. ಅದನ್ನು ಈ ಕೆಲಸಕ್ಕೆಂದೇ ಸಾಕುತ್ತಿದ್ದರು, ಬಾಯಿಗೆ ಕುಕ್ಕೆ ಕಟ್ಟಿ ಮೊಲದ ಬಿಲದೊಳಗೆ ಬಿಡುತ್ತಿದ್ದರು. ಅದು ಮೊಲವನ್ನು ಹೊರಗೆ ಅಟ್ಟುತ್ತಿತ್ತು, ಹೊರಗೆ ಕಾದಿದ್ದವರು ಹಿಡಿಯುತ್ತಿದ್ದರು. ಈ ಪ್ರಾಣಿ ಫೆರೆಟ್ ಅಥವಾ ಅದರ ಹತ್ತಿರದ್ದೇ ಎಂದು ಬಹಳ ಜನ ವಿದ್ವಾಂಸರು ಒಪ್ಪುತ್ತಾರೆ.

ಆ ಬಾಯಿಕುಕ್ಕೆಯನ್ನು ಸ್ವಲ್ಪ ಗಮನಿಸಿ. ಕಣ ತುಳಿಯುವ ಎತ್ತಿಗೆ ನಾವು ಕಟ್ಟುತ್ತಿದ್ದದ್ದೂ ಅದೇ ಕಾರಣಕ್ಕೆ, ಕೆಲಸದ ನಡುವೆ ತಿನ್ನಬಾರದು ಅಂತ. ಫೆರೆಟ್ ಬಿಲದೊಳಗೇ ಮೊಲವನ್ನು ಕೊಂದು ಹೊಟ್ಟೆ ತುಂಬಾ ತಿಂದರೆ ಅಲ್ಲೇ ಮಲಗಿಬಿಡುತ್ತದೆ. ಆಮೇಲೆ ಗುದ್ದಲಿ ಹಿಡಿದು ಅಗೆದು ತೆಗೆಯಬೇಕು. ಹಾಗಾಗಿ ಫೆರೆಟ್‌ನ ಊಟ ಏನು, ಎಷ್ಟು ಅನ್ನುವುದನ್ನು ಮೊದಲಿನಿಂದಲೂ ನಿರ್ಧರಿಸಿದ್ದು ಅದರ ಆರೋಗ್ಯ ಅಲ್ಲ, ಅದರಿಂದ ಮನುಷ್ಯನಿಗೆ ಆಗಬೇಕಾದ ಕೆಲಸ.

ಅಂದ ಹಾಗೆ ಅದರ ಹೆಸರಿನ ಮೂಲ ಲ್ಯಾಟಿನ್ನಿನ ಕಳ್ಳ ಎಂಬ ಪದ. ಸಾಕಿದವರಿಗೆ ಗೊತ್ತು, ಕಾಲುಚೀಲ, ಬೀಗದ ಕೈ, ಏನು ಸಿಕ್ಕರೂ ಕದ್ದು ಮೂಲೆಯಲ್ಲಿ ಬಚ್ಚಿಡುತ್ತದೆ. ಇಂಗ್ಲೆಂಡಿನಲ್ಲಿ ಇದು ಎಷ್ಟು ಬೆಲೆಬಾಳುವ ಬೇಟೆಗಾರ ಆಗಿತ್ತೆಂದರೆ ಎರಡನೇ ರಿಚರ್ಡ್ ದೊರೆಯ ಕಾಲದಲ್ಲಿ, 1390ರ ಸುಮಾರಿಗೆ, ವರ್ಷಕ್ಕೆ 40 ಶಿಲ್ಲಿಂಗ್ ಆದಾಯದ ಭೂಮಿ ಇಲ್ಲದವರು ಫೆರೆಟ್ ಇಟ್ಟುಕೊಳ್ಳಬಾರದು ಅಂತ ಕಾನೂನೇ ಆಯಿತು. ಬಡವರು ಶ್ರೀಮಂತರ ಮೊಲ ಹಿಡಿದುಬಿಟ್ಟರೆ ಕಷ್ಟ ಅಲ್ಲವೇ!

ಹಾಲು, ಬ್ರೆಡ್ಡು ಮತ್ತು ಒಂದು ನಂಬಿಕೆ

ಕಾನೂನು ಏನೇ ಇರಲಿ, ಶತಮಾನಗಳು ಕಳೆದಂತೆ ಇಂಗ್ಲೆಂಡಿನ ಹಳ್ಳಿಯ ಬಡವರ ಮನೆಗೂ ಫೆರೆಟ್ ಬಂತು. ಅದಕ್ಕೆ ಅವರು ಹಾಕುತ್ತಿದ್ದ ಊಟ ಹಾಲಿನಲ್ಲಿ ನೆನೆಸಿದ ಬ್ರೆಡ್ಡು. ಹತ್ತೊಂಬತ್ತನೇ ಶತಮಾನದಲ್ಲಿ ಇದು ಎಲ್ಲರ ಪದ್ಧತಿ, ಇಪ್ಪತ್ತನೇ ಶತಮಾನದಲ್ಲೂ ಬಹಳ ಕಾಲ ನಡೆಯಿತು. ಹಿಂದೆ ಇದ್ದದ್ದು ಒಂದು ನಂಬಿಕೆ: ಮಾಂಸ ಕೊಟ್ಟರೆ ಪ್ರಾಣಿ ಕ್ರೂರ ಆಗುತ್ತದೆ, ಕೈ ಕಚ್ಚುತ್ತದೆ. ಜೊತೆಗೆ ಬ್ರೆಡ್ಡು ಅಗ್ಗ. ನಂಬಿಕೆಗೂ ಜೇಬಿಗೂ ಹೊಂದಿಕೆ ಆದರೆ ಅದನ್ನು ಅಲ್ಲಾಡಿಸುವುದು ಬಹಳ ಕಷ್ಟ.

ಈಗ ಫೆರೆಟ್‌ನ ಹೊಟ್ಟೆ ನೋಡಿ. ಅದರ ಕರುಳು ಬಹಳ ಗಿಡ್ಡ. ಹಸು ಇರಲಿ, ಮೊಲಕ್ಕೂ ಇರುವ ಸೀಕಂ ಎಂಬ ಚೀಲ ಇದಕ್ಕೆ ಇಲ್ಲವೇ ಇಲ್ಲ. ಬಾಯಿಗೆ ಹಾಕಿದ್ದು ಮೂರು-ನಾಲ್ಕು ಗಂಟೆಯಲ್ಲಿ ಹಿಂದಿನಿಂದ ಹೊರಗೆ. ಅಷ್ಟರೊಳಗೆ ಹಿಟ್ಟು, ನಾರು ಇವುಗಳಿಂದ ಸಾರ ತೆಗೆಯುವ ಪುರುಸೊತ್ತು ಅದಕ್ಕಿಲ್ಲ. ಮಾಂಸ, ಕೊಬ್ಬು, ಮೂಳೆ, ಲಿವರ್ ಎಲ್ಲ ಇರುವ ಇಡೀ ಇಲಿಯೋ ಮೊಲವೋ ಅದಕ್ಕೆ ಹೇಳಿಮಾಡಿಸಿದ ಊಟ. ಹಾಲು ಬ್ರೆಡ್ಡು ತಿಂದ ಫೆರೆಟ್‌ಗಳಿಗೆ ಬೇಧಿ ಸಾಮಾನ್ಯವಾಗಿತ್ತು. ಬದುಕಿದ್ದಕ್ಕೆ ಒಂದು ಕಾರಣ, ಬೇಟೆಯ ದಿನ ಸಿಗುತ್ತಿದ್ದ ಮೊಲದ ಲಿವರ್, ಕರುಳು, ತಲೆ. ಅಂದರೆ ಆಗಲೂ ಅದಕ್ಕೆ ಪೂರಕ ಆಹಾರ ಇತ್ತು, ಬಾಟಲಿಯಲ್ಲಿ ಇರಲಿಲ್ಲ ಅಷ್ಟೇ.

ಇದೇ ಹೊತ್ತಿಗೆ ಮನುಷ್ಯರ ಊಟದಲ್ಲೂ ಕೆಲವು ವಿಷಯ ಗೊತ್ತಾಗತೊಡಗಿತ್ತು. 1890ರ ದಶಕದಲ್ಲಿ ಜಾವಾದಲ್ಲಿ ಐಕ್ಮನ್ ಎಂಬ ಡಚ್ ವೈದ್ಯ, ಪಾಲಿಶ್ ಮಾಡಿದ ಅಕ್ಕಿ ತಿಂದ ಕೋಳಿಗಳ ಕಾಲು ಬಿದ್ದುಹೋಗುವುದನ್ನೂ, ತವುಡಿನ ಜೊತೆ ಇರುವ ಅಕ್ಕಿ ಕೊಟ್ಟರೆ ಎದ್ದು ನಿಲ್ಲುವುದನ್ನೂ ಕಂಡ. 1912ರಲ್ಲಿ ಕಾಸಿಮಿರ್ ಫಂಕ್ ಇಂಥ ಅಂಶಗಳಿಗೆ ವಿಟಮಿನ್ ಎಂಬ ಹೆಸರು ಕೊಟ್ಟ. 1919ರ ಹೊತ್ತಿಗೆ ಲಂಡನ್ನಿನಲ್ಲಿ ಎಡ್ವರ್ಡ್ ಮೆಲನ್ಬಿ ನಾಯಿಮರಿಗಳಿಗೆ ಹಾಲು, ಧಾನ್ಯದ ಊಟ ಹಾಕಿ, ಬಿಸಿಲಿಲ್ಲದ ಒಳಮನೆಯಲ್ಲಿ ಬೆಳೆಸಿ ರಿಕೆಟ್ಸ್ ಬರಿಸಿದ. ಕಾಡ್ ಮೀನಿನ ಲಿವರ್ ಎಣ್ಣೆ ಕೊಟ್ಟರೆ ಅದು ಬರುತ್ತಲೇ ಇರಲಿಲ್ಲ. ನಮ್ಮ ಕಾಲದ ಮಕ್ಕಳು ಮೂಗು ಮುಚ್ಚಿಕೊಂಡು ನುಂಗಿದ ಮೀನೆಣ್ಣೆಯ ಹಿಂದೆ ಆ ನಾಯಿಮರಿಗಳಿದ್ದವು. ಮುಂದೆ ಫೆರೆಟ್‌ನ ತಟ್ಟೆಗೂ ಮೀನೆಣ್ಣೆ ಬಂದದ್ದು ಇದೇ ದಾರಿಯಲ್ಲಿ.

ಬಿಲದಿಂದ ಪಂಜರಕ್ಕೆ

1920ರ ದಶಕದಲ್ಲಿ ಇಂಗ್ಲೆಂಡಿನ ವಿಜ್ಞಾನಿಗಳು ನಾಯಿಗಳ ಡಿಸ್ಟೆಂಪರ್ ರೋಗದ ಮೇಲೆ ಕೆಲಸ ಮಾಡುತ್ತಿದ್ದರು. ಆ ರೋಗ ಫೆರೆಟ್‌ಗೂ ಸುಲಭವಾಗಿ ತಗಲುತ್ತದೆ, ಹಾಗಾಗಿ ಪ್ರಯೋಗಾಲಯದಲ್ಲಿ ಫೆರೆಟ್‌ಗಳಿದ್ದವು. 1933ರಲ್ಲಿ ಫ್ಲೂ ಬಂದಾಗ ವಿಲ್ಸನ್ ಸ್ಮಿತ್, ಆಂಡ್ರ್ಯೂಸ್, ಲೇಡ್ಲಾ ಎಂಬ ಮೂವರು ರೋಗಿಗಳ ಗಂಟಲು ತೊಳೆದ ನೀರನ್ನು ಫೆರೆಟ್‌ಗಳ ಮೂಗಿಗೆ ಹಾಕಿದರು. ಅವಕ್ಕೆ ಜ್ವರ ಬಂತು, ನಮ್ಮ ಹಾಗೆಯೇ ಸೀನಿದವು. ಮನುಷ್ಯನ ಫ್ಲೂ ವೈರಸ್ ಮೊದಲ ಸಲ ಕೈಗೆ ಸಿಕ್ಕಿದ್ದು ಹೀಗೆ. ಇವತ್ತಿಗೂ ಫ್ಲೂ ಸಂಶೋಧನೆ ಅಂದರೆ ಫೆರೆಟ್ ಬೇಕೇ ಬೇಕು.

ನಮ್ಮ ಕತೆಗೆ ಇದರಲ್ಲಿ ಮುಖ್ಯವಾದದ್ದು ಬೇರೆ. ಇಲ್ಲಿಂದ ಮುಂದೆ ಬಹಳ ಫೆರೆಟ್‌ಗಳು ಮೊಲವನ್ನೇ ನೋಡದೆ, ಹುಟ್ಟಿನಿಂದ ಸಾವಿನವರೆಗೆ ಮನುಷ್ಯ ಹಾಕಿದ್ದನ್ನೇ ತಿಂದು ಬದುಕತೊಡಗಿದವು. ಬೇಟೆಯ ದಿನದ ಮೊಲದ ಲಿವರ್ ಇನ್ನಿಲ್ಲ. ಮನುಷ್ಯ ಹಾಕುವುದರಲ್ಲಿ ಏನಾದರೂ ಒಂದು ಕಡಿಮೆ ಆದರೆ ಅದನ್ನು ತುಂಬಿಕೊಳ್ಳುವ ಬೇರೆ ದಾರಿಯೂ ಇಲ್ಲ. ಪಂಜರದ ಪ್ರಾಣಿಗೆ ಏನು ಕಡಿಮೆ ಆಗುತ್ತದೆ ಅಂತ ಮೊದಲು ಗೊತ್ತಾದದ್ದು ಮಾತ್ರ ಫೆರೆಟ್‌ಗಳಿಂದ ಅಲ್ಲ, ತುಪ್ಪಳಕ್ಕಾಗಿ ಸಾಕುತ್ತಿದ್ದ ನರಿ ಮತ್ತು ಮಿಂಕ್‌ಗಳಿಂದ. ಮಿಂಕ್ ಕೂಡ ಫೆರೆಟ್‌ನ ಕುಲದ್ದೇ.

ಮೀನು ತಿಂದು ಕಾಲು ಬಿದ್ದ ನರಿಗಳು

1932ರಲ್ಲಿ ಅಮೆರಿಕದ ಮಿನೆಸೋಟದಲ್ಲಿ ಚಾಸ್ಟೆಕ್ ಎನ್ನುವವರ ಫಾರಂನಲ್ಲಿ ನರಿಗಳು ಇದ್ದಕ್ಕಿದ್ದಂತೆ ಊಟ ಬಿಟ್ಟವು, ತೂರಾಡಿದವು, ಕಾಲು ಸೆಟೆದು ಸತ್ತವು. ಅವಕ್ಕೆ ಹಾಕುತ್ತಿದ್ದ ಊಟದಲ್ಲಿ ಹಸಿ ಕಾರ್ಪ್ ಮೀನು, ಅಂದರೆ ನಮ್ಮ ಗೆಂಡೆ ಜಾತಿಯ ಮೀನು ಇತ್ತು. ಗ್ರೀನ್ ಎಂಬ ವಿಜ್ಞಾನಿ ಮತ್ತು ಅವರ ಜೊತೆಗಾರರು ವರ್ಷಗಟ್ಟಲೆ ಹಿಂದೆ ಬಿದ್ದು 1941ರ ಹೊತ್ತಿಗೆ ಗುಟ್ಟು ಒಡೆದರು. ಅದು ಬಿ1 ವಿಟಮಿನ್ನಿನ ಕೊರತೆ. ಜಾವಾದ ಕೋಳಿಗಳಿಗೆ ಬಂದದ್ದೇ ನರಿಗೂ ಬಂದಿತ್ತು!

ಆದರೆ ಒಂದು ವ್ಯತ್ಯಾಸ. ಕೋಳಿಗಳ ಊಟದಲ್ಲಿ ಬಿ1 ಇರಲೇ ಇಲ್ಲ. ನರಿಗಳ ಊಟದಲ್ಲಿ ಇತ್ತು, ಆದರೆ ಹಸಿ ಮೀನಿನಲ್ಲಿದ್ದ ಥಯಾಮಿನೇಸ್ ಎಂಬ ಕಿಣ್ವ ಅದನ್ನು ಹೊಟ್ಟೆಗೆ ದಕ್ಕುವ ಮೊದಲೇ ಒಡೆದುಹಾಕುತ್ತಿತ್ತು. ಮೀನನ್ನು ಬೇಯಿಸಿದರೆ ಕಿಣ್ವ ಸಾಯುತ್ತದೆ, ರೋಗ ಬರುವುದಿಲ್ಲ. ಈ ಕಾಯಿಲೆಗೆ ಇವತ್ತಿಗೂ ಚಾಸ್ಟೆಕ್ ಪಾರ್ಶ್ವವಾಯು ಅಂತಲೇ ಹೆಸರು. ಮಿಂಕ್‌ಗಳಿಗೂ ಅದೇ ಬಂತು.

ನೋಡಿ, ಇಲ್ಲಿ ಎರಡು ಪರಿಹಾರ ಇವೆ. ಹಸಿ ಮೀನು ಹಾಕುತ್ತಲೇ ಇದ್ದು ಪಕ್ಕದಲ್ಲಿ ಬಿ1 ಬಾಟಲಿ ಇಡಬಹುದು. ಇಲ್ಲ, ಮೀನನ್ನು ಬೇಯಿಸಬಹುದು. ಬಾಟಲಿಯನ್ನು ಆರಿಸುವ ಮೊದಲು ಕೇಳಬೇಕಾದ ಮೊದಲ ಪ್ರಶ್ನೆ ಇಲ್ಲಿದೆ: ಕೊರತೆ ಎಲ್ಲಿಂದ ಬಂತು?

ಮಿಂಕ್ ಫಾರಂಗಳ ಇನ್ನೊಂದು ಕತೆ ಹಳದಿ ಕೊಬ್ಬಿನದು. 1950ರ ಆಸುಪಾಸಿನಲ್ಲಿ ಎಣ್ಣೆಯಂಶ ಹೆಚ್ಚಿರುವ ಮೀನು, ಹಳಸಿದ ಕೊಬ್ಬು ತಿಂದ ಮರಿಗಳು ಸಾಯುತ್ತಿದ್ದವು. ಸೀಳಿ ನೋಡಿದರೆ ಚರ್ಮದ ಕೆಳಗಿನ ಕೊಬ್ಬು ಹಳದಿಯಾಗಿ ಉರಿಯೂತದಿಂದ ಗಟ್ಟಿಯಾಗಿರುತ್ತಿತ್ತು. ಕಾರಣ ಇ ವಿಟಮಿನ್ ಕೊರತೆ. ಮೀನೆಣ್ಣೆಯಂಥ ಕೊಬ್ಬು ಬೇಗ ಹಳಸುತ್ತದೆ, ಅದನ್ನು ಮೈಯೊಳಗೆ ಹಳಸದಂತೆ ಕಾಯಲು ಇ ವಿಟಮಿನ್ ಖರ್ಚಾಗುತ್ತದೆ. ಅಂದರೆ ಮೀನೆಣ್ಣೆ ಹೆಚ್ಚು ಕೊಟ್ಟಷ್ಟೂ ಇ ಹೆಚ್ಚು ಬೇಕು. ಮೈ ಮಿನುಗಲಿ ಅಂತ ಕೊಟ್ಟ ಎಣ್ಣೆ ಇನ್ನೊಂದು ಕೊರತೆಯನ್ನು ತಾನೇ ಹುಟ್ಟಿಸಬಲ್ಲದು! ಇವತ್ತಿನ ಒಳ್ಳೆಯ ಮೀನೆಣ್ಣೆ ಬಾಟಲಿಗಳಿಗೆ ಇ ವಿಟಮಿನ್ ಸೇರಿಸಿರುವುದು ಸುಮ್ಮನೆ ಅಲ್ಲ. ವಾಸನೆ ಕೆಟ್ಟ ಎಣ್ಣೆ ಬಿಸಾಡಬೇಕು ಅನ್ನುವುದೂ ಅದಕ್ಕೇ.

ಮೊಟ್ಟೆಯದೂ ಒಂದು ಪಾಠ ಇದೆ. 1927ರಲ್ಲಿ ಲಂಡನ್ನಿನಲ್ಲಿ ಮಾರ್ಗರೆಟ್ ಬೋಸ್ ಎಂಬ ಸಂಶೋಧಕಿ ಇಲಿಗಳಿಗೆ ಹಸಿ ಮೊಟ್ಟೆಯ ಬಿಳಿಭಾಗವನ್ನೇ ಮುಖ್ಯ ಪ್ರೋಟೀನಾಗಿ ಹಾಕಿದಾಗ ಅವುಗಳ ಕೂದಲು ಉದುರಿ ಚರ್ಮ ಕೆಟ್ಟಿತು. ಬಿಳಿಭಾಗದಲ್ಲಿರುವ ಅವಿಡಿನ್ ಎಂಬ ಪ್ರೋಟೀನು ಬಯೋಟಿನ್ ವಿಟಮಿನ್ನನ್ನು ಬಿಗಿಯಾಗಿ ಹಿಡಿದು ಬಿಡುವುದೇ ಇಲ್ಲ ಅಂತ ಆಮೇಲೆ ತಿಳಿಯಿತು. ಫೆರೆಟ್‌ಗೆ ಕೂದಲು ಚೆನ್ನಾಗಿ ಬರಲಿ ಅಂತ ದಿನಾ ಹಸಿ ಮೊಟ್ಟೆ ಕೊಡುವವರು ಇದನ್ನು ನೆನಪಿಡಬೇಕು. ಬೇಯಿಸಿದರೆ ಅವಿಡಿನ್ನಿನ ಹಿಡಿತ ಸಡಿಲ. ಆಗಾಗ ಸ್ವಲ್ಪ ಹಳದಿಭಾಗ ಕೊಟ್ಟರೆ ತೊಂದರೆ ಇಲ್ಲ.

ಬೆಕ್ಕಿನ ಊಟದ ಎರವಲು

ಎರಡನೇ ಮಹಾಯುದ್ಧದ ನಂತರ ಬೇಟೆಗೆ ಫೆರೆಟ್ ಬೇಡವಾಗುತ್ತಾ ಬಂತು. ಅಮೆರಿಕದಲ್ಲಿ 1980, 90ರ ದಶಕಗಳಲ್ಲಿ ಅದು ಮನೆಯೊಳಗಿನ ಸಾಕುಪ್ರಾಣಿಯಾಗಿ ಜನಪ್ರಿಯ ಆಯಿತು. ಹಾಲು ಬ್ರೆಡ್ಡಿನ ಕಾಲ ಮುಗಿಯಿತು, ಬೆಕ್ಕಿನ ಒಣ ಆಹಾರದ ಕಾಲ ಶುರು. ನಾಯಿಯ ಆಹಾರ ಹಾಕಿ ನೋಡಿದವರೂ ಇದ್ದರು. ಅದರಲ್ಲಿ ಧಾನ್ಯದ ಪ್ರೋಟೀನು ಹೆಚ್ಚಿದ್ದರೆ ಮೂತ್ರಕೋಶದಲ್ಲಿ ಕಲ್ಲು ಬರುತ್ತಿತ್ತು. ಬೆಕ್ಕಿನದೇ ವಾಸಿ ಅನ್ನಿಸಿತು. ಬೆಕ್ಕಿನ ಊಟದ ಜೊತೆ ಬೆಕ್ಕಿನ ಪಾಠಗಳೂ ಫೆರೆಟ್‌ಗೆ ಬಂದವು.

ಅದರಲ್ಲಿ ದೊಡ್ಡದು ಟಾರಿನ್ ಪಾಠ. ಟಾರಿನ್ ಅನ್ನು 1827ರಲ್ಲಿ ಜರ್ಮನಿಯಲ್ಲಿ ಎತ್ತಿನ ಪಿತ್ತರಸದಿಂದ ಮೊದಲು ಬೇರ್ಪಡಿಸಿದರು. ಹೆಸರೂ ಅಲ್ಲಿಂದಲೇ, ಗೂಳಿಯ ಲ್ಯಾಟಿನ್ ಹೆಸರು ಟಾರಸ್. ನೂರೈವತ್ತು ವರ್ಷ ಅದರಿಂದ ಏನು ಉಪಯೋಗ ಅಂತ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. 1975ರಲ್ಲಿ ಹೇಯ್ಸ್ ಮತ್ತು ಜೊತೆಗಾರರು, ಟಾರಿನ್ ಇಲ್ಲದ ಊಟ ತಿಂದ ಬೆಕ್ಕುಗಳ ಅಕ್ಷಿಪಟ ಹಾಳಾಗಿ ಕಣ್ಣು ಹೋಗುತ್ತದೆ ಅಂತ ತೋರಿಸಿದರು. 1987ರಲ್ಲಿ ಕ್ಯಾಲಿಫೋರ್ನಿಯಾದ ಡೇವಿಸ್‌ನಲ್ಲಿ ಪಾಲ್ ಪಿಯಾನ್ ಮತ್ತು ಜೊತೆಗಾರರು ಅದಕ್ಕಿಂತ ದೊಡ್ಡ ಸುದ್ದಿ ಕೊಟ್ಟರು. ಹೃದಯ ಹಿಗ್ಗಿ ಸೋತು ಸಾಯುತ್ತಿದ್ದ ಬೆಕ್ಕುಗಳ ರಕ್ತದಲ್ಲಿ ಟಾರಿನ್ ತೀರಾ ಕಡಿಮೆ ಇತ್ತು, ಟಾರಿನ್ ಕೊಟ್ಟರೆ ಹೃದಯ ಮತ್ತೆ ಸರಿಹೋಗುತ್ತಿತ್ತು!

ಇದರಲ್ಲಿ ಎದೆ ಝಲ್ ಅನ್ನಿಸುವ ಸಂಗತಿ ಒಂದಿದೆ. ಆ ಬೆಕ್ಕುಗಳು ತಿಂದದ್ದು ಎಲುಬು ತುಣುಕು ಅಲ್ಲ, ಅಂಗಡಿಯಲ್ಲಿ ದುಡ್ಡು ಕೊಟ್ಟು ತಂದ ಆಹಾರ. ಅಂದಿನ ಲೆಕ್ಕದ ಪ್ರಕಾರ ಟಾರಿನ್ ಸಾಕಷ್ಟಿದೆ ಅನ್ನಿಸಿಕೊಂಡ ಆಹಾರ ತಿಂದ ಬೆಕ್ಕುಗಳೂ ಅವುಗಳಲ್ಲಿದ್ದವು. ಲೆಕ್ಕವೇ ತಪ್ಪಾಗಿತ್ತು. ಆಮೇಲೆ ಕಂಪನಿಗಳು ಟಾರಿನ್ ಪ್ರಮಾಣ ಹೆಚ್ಚಿಸಿದವು, ಆ ಹೃದ್ರೋಗ ಬೆಕ್ಕುಗಳಲ್ಲಿ ಅಪರೂಪ ಆಯಿತು. ಪೂರಕ ಆಹಾರದ ಇತಿಹಾಸದಲ್ಲಿ ಇದಕ್ಕಿಂತ ಶುದ್ಧವಾದ ಗೆಲುವು ಸಿಗುವುದು ಕಷ್ಟ. ಈಗ ಫೆರೆಟ್‌ಗಾಗಿ ಮಾಡುವ ಒಳ್ಳೆಯ ಆಹಾರಗಳಲ್ಲಿ ಟಾರಿನ್ ಮೊದಲೇ ಸೇರಿರುತ್ತದೆ. ಹಾಗಿದ್ದ ಮೇಲೆ ಟಾರಿನ್ನಿನ ಬಾಟಲಿ ಬೇರೆ ಯಾಕೆ ಅನ್ನುವುದು ಕೇಳಬೇಕಾದ ಎರಡನೇ ಪ್ರಶ್ನೆ.

ಮನುಷ್ಯರಿಂದ ಎರವಲು ಬಂದ ಬಾಟಲಿಗಳೂ ಇವೆ. ಉದಾಹರಣೆಗೆ ಸಿ ವಿಟಮಿನ್. 1907ರಲ್ಲಿ ನಾರ್ವೆಯ ಹೋಲ್ಸ್ಟ್ ಮತ್ತು ಫ್ರೋಲಿಕ್ ಗಿನಿಯಿಲಿಗಳಲ್ಲಿ ಸ್ಕರ್ವಿ ಬರಿಸಿ ತೋರಿಸಿದರು. ನಮ್ಮ ಹಾಗೆ ಗಿನಿಯಿಲಿಗೂ ಸಿ ವಿಟಮಿನ್ ಊಟದಿಂದಲೇ ಬರಬೇಕು. ಫೆರೆಟ್ ಹಾಗಲ್ಲ, ತನಗೆ ಬೇಕಾದ ಸಿ ವಿಟಮಿನ್ನನ್ನು ತಾನೇ ಲಿವರ್‌ನಲ್ಲಿ ತಯಾರಿಸಿಕೊಳ್ಳುತ್ತದೆ. ಅದಕ್ಕೆ ಕಿತ್ತಳೆ ರುಚಿಯ ಮಾತ್ರೆ ಕೊಡುವುದು ಬಾವಿ ಇರುವ ಮನೆಗೆ ಟ್ಯಾಂಕರ್ ನೀರು ತರಿಸಿದ ಹಾಗೆ.

ಕಬ್ಬಿಣದ ಟಾನಿಕ್ಕಿನದು ಇನ್ನೂ ಗಂಭೀರ. ಹೆಣ್ಣು ಫೆರೆಟ್ ಬೆದೆಗೆ ಬಂದು ಗಂಡು ಸಿಗದಿದ್ದರೆ ಬೆದೆ ತಿಂಗಳುಗಟ್ಟಲೆ ಇಳಿಯುವುದೇ ಇಲ್ಲ. ಹಾರ್ಮೋನು ಏರಿಯೇ ಇದ್ದು ಮೂಳೆಯೊಳಗಿನ ಮಜ್ಜೆ ಸೊರಗಿ ರಕ್ತ ಹುಟ್ಟುವುದು ನಿಲ್ಲುತ್ತದೆ. ಒಸಡು ಬಿಳಿಚಿದೆ, ರಕ್ತಹೀನತೆ ಅಂತ ಟಾನಿಕ್ ಹಾಕುತ್ತಾ ಕುಳಿತರೆ ಪ್ರಾಣಿ ಸಾಯುತ್ತದೆ. ಅಲ್ಲಿ ಕಡಿಮೆ ಇರುವುದು ಕಬ್ಬಿಣ ಅಲ್ಲ. ಬೇಕಾದದ್ದು ವೈದ್ಯರು, ಅಂಡಾಶಯ ತೆಗೆಯುವ ಶಸ್ತ್ರಚಿಕಿತ್ಸೆ ಅಥವಾ ಹಾರ್ಮೋನಿನ ಚುಚ್ಚುಮದ್ದು.

ಸಿಹಿ ಪೇಸ್ಟಿನ ಕತೆಯೂ ಹೀಗೆಯೇ. ಸೊರಗಿದ ಪ್ರಾಣಿಗೆ ಬೇಗ ಶಕ್ತಿ ಬರಲಿ ಅಂತ ಸಕ್ಕರೆ ಪಾಕ, ಎಣ್ಣೆ, ವಿಟಮಿನ್ ಸೇರಿಸಿ ಮಾಡಿದ್ದು ಅದು. ನೆಕ್ಕಲು ಬಲು ರುಚಿ, ಹಾಗಾಗಿ ಕಾಯಿಲೆಯವರ ಮದ್ದು ದಿನದ ತಿಂಡಿ ಆಗಿಬಿಟ್ಟಿತು. ಮೂರು ವರ್ಷ ದಾಟಿದ ಫೆರೆಟ್‌ಗಳಲ್ಲಿ ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ಸುರಿಸುವ ಗಡ್ಡೆ ಬರುವುದು ಬಹಳ ಸಾಮಾನ್ಯ. ಅಂಥ ಪ್ರಾಣಿಗೆ ಸಿಹಿ ಕೊಟ್ಟರೆ ಇನ್ಸುಲಿನ್ ಇನ್ನಷ್ಟು ಉಕ್ಕಿ, ರಕ್ತದ ಸಕ್ಕರೆ ಮೊದಲಿಗಿಂತ ಕೆಳಗೆ ಬೀಳುತ್ತದೆ. ಕುಸಿದು ಬಿದ್ದ ಹೊತ್ತಿನಲ್ಲಿ ಒಸಡಿಗೆ ಸ್ವಲ್ಪ ಜೇನು ಸವರಿ ವೈದ್ಯರ ಹತ್ತಿರ ಓಡುವುದು ಸರಿ, ದಿನಾ ಅದೇ ಸರಿಯಲ್ಲ. ಗಡ್ಡೆಗೆ ಸಿಹಿಯೇ ಕಾರಣ ಅಂತ ಸಾಬೀತಾಗಿಲ್ಲ, ಆದರೆ ಅನುಮಾನ ಇದ್ದೇ ಇದೆ.

ಹೆಚ್ಚಾದರೆ?

ಹೆಚ್ಚಾದರೆ ಏನು ಮಹಾ, ಮೈಯಿಂದ ಹೊರಗೆ ಹೋಗುತ್ತದೆ ಬಿಡಿ ಅನ್ನುವವರು ಇದನ್ನು ಓದಬೇಕು. 1596ರಲ್ಲಿ ಬ್ಯಾರೆಂಟ್ಸ್ ಎಂಬ ನಾವಿಕನ ಜೊತೆ ಹೋದ ಡಚ್ಚರು ಉತ್ತರ ಧ್ರುವದ ಹತ್ತಿರದ ಒಂದು ದ್ವೀಪದಲ್ಲಿ ಹಿಮಕ್ಕೆ ಸಿಕ್ಕಿಬಿದ್ದರು. ಅಲ್ಲಿದ್ದಾಗ ಹಿಮಕರಡಿಯ ಲಿವರ್ ತಿಂದರು. ಕಾಯಿಲೆ ಬಿದ್ದರು, ಮೂವರ ಮೈ ಚರ್ಮ ತಲೆಯಿಂದ ಕಾಲಿನವರೆಗೆ ಸುಲಿಯಿತು. ಕಾರಣ ಗೊತ್ತಾದದ್ದು ಸುಮಾರು ಮುನ್ನೂರೈವತ್ತು ವರ್ಷಗಳ ನಂತರ, 1943ರಲ್ಲಿ. ಹಿಮಕರಡಿಯ ಲಿವರ್‌ನಲ್ಲಿ ಎ ವಿಟಮಿನ್ ವಿಪರೀತ ಇರುತ್ತದೆ ಅಂತ ರೋಡಾಲ್ ಮತ್ತು ಮೂರ್ ತೋರಿಸಿದರು. 1960ರ ದಶಕದಲ್ಲಿ ಆಸ್ಟ್ರೇಲಿಯಾದಲ್ಲಿ ಲಿವರ್ ಒಂದನ್ನೇ ತಿಂದು ಬೆಳೆದ ಬೆಕ್ಕುಗಳ ಕತ್ತಿನ ಮೂಳೆಗಳು ಬೆಸೆದುಕೊಂಡು ತಲೆ ತಿರುಗಿಸಲಾಗದ ಸ್ಥಿತಿ ಬಂದದ್ದಕ್ಕೂ ಅದೇ ಎ ಕಾರಣ. ಎ, ಡಿ ಇವೆರಡೂ ಕೊಬ್ಬಿನಲ್ಲಿ ಕರಗುವಂಥವು. ಮೂತ್ರದಲ್ಲಿ ಹೊರಗೆ ಹೋಗುವುದಿಲ್ಲ, ಒಳಗೇ ಕೂಡಿಕೊಳ್ಳುತ್ತವೆ. ಫೆರೆಟ್‌ನ ಎಣ್ಣೆ ಬಾಟಲಿಗಳಲ್ಲಿ ಸಾಮಾನ್ಯವಾಗಿ ಇರುವುದು ಇವೇ! ನಮಗೆ ಒಂದು ಹನಿ ಅಂದರೆ ಒಂದು ಹನಿ. ಒಂದು ಕಿಲೋ ಪ್ರಾಣಿಗೆ ಅದು ನಮ್ಮ ಲೆಕ್ಕದಲ್ಲಿ ಐವತ್ತು-ಅರವತ್ತು ಹನಿ.

ಖನಿಜಗಳೂ ಅಷ್ಟೇ. 1980ರ ಆಸುಪಾಸಿನಲ್ಲಿ ಸತು ಲೇಪಿಸಿದ ಕಬ್ಬಿಣದ ತಟ್ಟೆಗಳಲ್ಲಿ ಊಟ ತಿಂದ ಫೆರೆಟ್‌ಗಳಿಗೆ ಸತುವಿನ ವಿಷ ಏರಿ ಮೂತ್ರಪಿಂಡ, ಲಿವರ್ ಕೆಟ್ಟ ಪ್ರಕರಣಗಳು ವೈದ್ಯ ಪತ್ರಿಕೆಗಳಲ್ಲಿ ಬಂದವು. ಸತು ದೇಹಕ್ಕೆ ಬೇಕೇ ಬೇಕಾದ ಖನಿಜ, ಆದರೂ ವಿಷ ಆಯಿತು.

ಫೆರೆಟ್ ಕೊಟ್ಟ ಸಾಕ್ಷಿ

ಈಗ ಈ ಇತಿಹಾಸದ ನಡುಮನೆಗೆ ಬರೋಣ.

ಕ್ಯಾರೆಟ್ಟಿಗೆ ಬಣ್ಣ ಕೊಡುವ ಬೀಟಾ ಕ್ಯಾರೊಟಿನ್ ಕ್ಯಾನ್ಸರ್ ತಡೆಯುತ್ತದೆ ಎಂಬ ನಂಬಿಕೆ 1980ರ ದಶಕದಲ್ಲಿ ಬಲವಾಗಿತ್ತು. ಹಣ್ಣು ತರಕಾರಿ ಹೆಚ್ಚು ತಿನ್ನುವವರಿಗೆ ಶ್ವಾಸಕೋಶದ ಕ್ಯಾನ್ಸರ್ ಕಡಿಮೆ ಅಂತ ಗೊತ್ತಿತ್ತು. ಹಾಗಾದರೆ ಮಾತ್ರೆ ಮಾಡಿ ಕೊಟ್ಟರೆ? ಫಿನ್ಲೆಂಡಿನಲ್ಲಿ 29,133 ಮಂದಿ ಸಿಗರೇಟು ಸೇದುವ ಗಂಡಸರ ಮೇಲೆ ಪರೀಕ್ಷೆ ನಡೆಯಿತು. ಮಾತ್ರೆ ಪಡೆದವರಿಗೆ ದಿನಕ್ಕೆ 20 ಮಿಲಿಗ್ರಾಂ. 1994ರಲ್ಲಿ ಫಲಿತಾಂಶ ಬಂತು. ಬೀಟಾ ಕ್ಯಾರೊಟಿನ್ ತಿಂದವರಲ್ಲಿ ಕ್ಯಾನ್ಸರ್ ಕಡಿಮೆ ಆಗಲಿಲ್ಲ, ಶೇಕಡಾ 18ರಷ್ಟು ಹೆಚ್ಚಾಗಿತ್ತು! ಅಮೆರಿಕದಲ್ಲಿ 18,314 ಜನರ ಇನ್ನೊಂದು ಪರೀಕ್ಷೆ ನಡೆಯುತ್ತಿತ್ತು, ಅಲ್ಲಿ 30 ಮಿಲಿಗ್ರಾಂ, ಜೊತೆಗೆ ಎ ವಿಟಮಿನ್. ಅಲ್ಲೂ ಶೇಕಡಾ 28ರಷ್ಟು ಹೆಚ್ಚಳ ಕಂಡು 1996ರ ಜನವರಿಯಲ್ಲಿ ನಡುವೆಯೇ ನಿಲ್ಲಿಸಿಬಿಟ್ಟರು.

ಯಾಕೆ ಹೀಗಾಯಿತು? ಇಲಿಗಳಲ್ಲಿ ನೋಡೋಣ ಅಂದರೆ ಆಗುವುದಿಲ್ಲ. ಇಲಿಯ ಕರುಳು ಬೀಟಾ ಕ್ಯಾರೊಟಿನ್ನನ್ನು ಬಹುಪಾಲು ಅಲ್ಲೇ ಎ ವಿಟಮಿನ್ ಮಾಡಿಬಿಡುತ್ತದೆ, ರಕ್ತಕ್ಕೆ ಹಾಗೆಯೇ ಹೋಗುವುದಿಲ್ಲ. ನಮ್ಮಲ್ಲಿ ಸ್ವಲ್ಪ ಭಾಗ ಇದ್ದ ಹಾಗೆಯೇ ರಕ್ತಕ್ಕೆ ಸೇರಿ ಶ್ವಾಸಕೋಶದವರೆಗೆ ತಲುಪುತ್ತದೆ. ನಮ್ಮ ಹಾಗೆ ಇರುವ ಸಣ್ಣ ಪ್ರಾಣಿ ಯಾವುದು? ಮತ್ತೆ ಫೆರೆಟ್.

ಅಮೆರಿಕದ ಟಫ್ಟ್ಸ್ ವಿಶ್ವವಿದ್ಯಾಲಯದಲ್ಲಿ ವಾಂಗ್, ರಸಲ್ ಮತ್ತು ಜೊತೆಗಾರರು ಆರು ತಿಂಗಳು ಫೆರೆಟ್‌ಗಳಿಗೆ ಮನುಷ್ಯರ 30 ಮಿಲಿಗ್ರಾಂಗೆ ಸಮನಾದ ಬೀಟಾ ಕ್ಯಾರೊಟಿನ್ ಕೊಟ್ಟರು. ಕೆಲವಕ್ಕೆ ಸಿಗರೇಟಿನ ಹೊಗೆಯನ್ನೂ ಕುಡಿಸಿದರು. 1999ರಲ್ಲಿ ಫಲಿತಾಂಶ ಪ್ರಕಟ ಆಯಿತು. ಹೆಚ್ಚು ಬೀಟಾ ಕ್ಯಾರೊಟಿನ್ ತಿಂದ ಫೆರೆಟ್‌ಗಳ ಶ್ವಾಸಕೋಶದಲ್ಲಿ ಜೀವಕೋಶಗಳು ಅಳತೆ ಮೀರಿ ಬೆಳೆದು, ಕ್ಯಾನ್ಸರಿಗೆ ಮುಂಚೆ ಕಾಣುವಂಥ ಬದಲಾವಣೆ ಆಗಿತ್ತು. ಹೊಗೆ ಸೇರಿದರೆ ಇನ್ನೂ ಜಾಸ್ತಿ. ಜೀವಕೋಶಗಳಿಗೆ ಲಗಾಮು ಹಾಕುವ ರೆಟಿನೋಯಿಕ್ ಆಮ್ಲ ಅಲ್ಲಿ ಕಡಿಮೆ ಆಗಿತ್ತು. ಮುಂದಿನ ಪ್ರಯೋಗದಲ್ಲಿ ಊಟದಲ್ಲಿ ಸಿಗುವಷ್ಟೇ ಸಣ್ಣ ಪ್ರಮಾಣ ಕೊಟ್ಟು ನೋಡಿದರು. ಆ ಹಾನಿ ಕಾಣಲಿಲ್ಲ.

ಒಂದೇ ವಸ್ತು, ಒಂದೇ ಪ್ರಾಣಿ. ಪ್ರಮಾಣ ಮಾತ್ರ ಬೇರೆ. ನಾವು ಮಾತ್ರೆ ಬಾಟಲಿ ನಂಬಿದ್ದು ಸರಿಯೇ ಅಂತ ಕೇಳಿದಾಗ ತನ್ನ ಶ್ವಾಸಕೋಶವನ್ನೇ ಮುಂದಿಟ್ಟು ಸಾಕ್ಷಿ ಹೇಳಿದ್ದು ಈ ಪುಟ್ಟ ಪ್ರಾಣಿ. ಅದೇ ಪ್ರಾಣಿಗೆ ಅಂಗಡಿಯಲ್ಲಿ ನಾವು ಯೋಚಿಸದೆ ಬಾಟಲಿ ಆರಿಸುತ್ತೇವೆ ಅನ್ನುವುದು ವಿಚಿತ್ರ ಅಲ್ಲವೇ?

ಲೆಕ್ಕವೇ ಇಲ್ಲದ ಪ್ರಾಣಿ

ಕಾನೂನು ನೋಡಿಕೊಳ್ಳುತ್ತದೆ ಬಿಡಿ ಅನ್ನುವ ಹಾಗೂ ಇಲ್ಲ. ಅಮೆರಿಕದಲ್ಲಿ 1994ರಲ್ಲಿ ಮನುಷ್ಯರ ಪೂರಕ ಆಹಾರಗಳಿಗೆಂದು ಒಂದು ಕಾಯ್ದೆ ಬಂತು. ಅದು ಪ್ರಾಣಿಗಳಿಗೆ ಅನ್ವಯಿಸುವುದಿಲ್ಲ ಅಂತ ಅಲ್ಲಿನ ಆಹಾರ ಮತ್ತು ಔಷಧ ಇಲಾಖೆ 1996ರಲ್ಲಿ ಸ್ಪಷ್ಟ ಮಾಡಿತು. ಪ್ರಾಣಿಗೆ ಕೊಡುವುದು ಒಂದೋ ಆಹಾರ ಅಥವಾ ಔಷಧ, ನಡುವೆ ಪೂರಕ ಎಂಬ ಮೂರನೇ ಜಾತಿ ಕಾನೂನಿನಲ್ಲಿ ಇಲ್ಲ. ಅಂಗಡಿಯಲ್ಲಿ ಮಾತ್ರ ಕಪಾಟು ತುಂಬಾ ಇದೆ! 2001ರಲ್ಲಿ ತಯಾರಕರೇ ಸೇರಿ ಒಂದು ರಾಷ್ಟ್ರೀಯ ಮಂಡಳಿ ಮಾಡಿಕೊಂಡು ಗುಣಮಟ್ಟದ ಮುದ್ರೆ ಶುರು ಮಾಡಿದರು. ಅದು ಏನೂ ಇಲ್ಲದ್ದಕ್ಕಿಂತ ವಾಸಿ, ಆದರೆ ಸರ್ಕಾರದ ಪರೀಕ್ಷೆ ಅಲ್ಲ.

ಇನ್ನೂ ಮುಖ್ಯವಾದದ್ದು ಇದು. ನಾಯಿ ಬೆಕ್ಕುಗಳಿಗೆ ಯಾವ ಪೋಷಕಾಂಶ ಎಷ್ಟು ಬೇಕು ಅಂತ ಅಮೆರಿಕದಲ್ಲಿ ಅಧಿಕೃತ ಪಟ್ಟಿ ಇದೆ. ಮಿಂಕ್ ಮತ್ತು ನರಿಗೂ 1982ರಲ್ಲಿ ಅಲ್ಲಿನ ರಾಷ್ಟ್ರೀಯ ಸಂಶೋಧನಾ ಮಂಡಳಿ ಪುಸ್ತಕವನ್ನೇ ತಂದಿದೆ, ಯಾಕೆಂದರೆ ಅವುಗಳ ತುಪ್ಪಳಕ್ಕೆ ಬೆಲೆ ಇತ್ತು. ಫೆರೆಟ್‌ಗೆ ಅಂಥ ಪಟ್ಟಿ ಇಲ್ಲ. ಶೇಕಡಾ 35-40 ಪ್ರಾಣಿಜನ್ಯ ಪ್ರೋಟೀನು, ಶೇಕಡಾ 20ರ ಸುಮಾರು ಕೊಬ್ಬು, ನಾರು ಬಹಳ ಕಡಿಮೆ ಅಂತ ಪಶುವೈದ್ಯರು ಹೇಳುವುದರಲ್ಲಿ ಮಿಂಕ್ ಮತ್ತು ಬೆಕ್ಕಿನಿಂದ ತಂದ ಎರವಲು ಬಹಳ. ವಿಟಮಿನ್‌ಗಳ ಲೆಕ್ಕ ಇನ್ನೂ ಮಬ್ಬು. ಬೆಕ್ಕಿಗೆ ಒಂದು ಕಾಲದ ಲೆಕ್ಕ ಇದ್ದೂ ಟಾರಿನ್ನಿನಲ್ಲಿ ಏನಾಯಿತು ಅಂತ ನೋಡಿದ್ದೀರಲ್ಲ, ಲೆಕ್ಕವೇ ಇಲ್ಲದ ಪ್ರಾಣಿಗೆ ಇನ್ನೆಷ್ಟು ಜಾಗ್ರತೆ ಬೇಕು.

ಹಾಗಾದರೆ ಏನನ್ನು ಆರಿಸಬೇಕು?

ಇಷ್ಟು ಇತಿಹಾಸ ಓದಿದ ಮೇಲೆ ಬಾಟಲಿ ಕೈಗೆ ತೆಗೆದುಕೊಂಡಾಗ ಕೇಳಬೇಕಾದದ್ದು ನಾಲ್ಕೇ ಪ್ರಶ್ನೆ. ಇದು ಯಾವ ಕೊರತೆಗೆ ಹುಟ್ಟಿದ್ದು? ಆ ಕೊರತೆ ನನ್ನ ಫೆರೆಟ್‌ಗೆ ಇದೆ ಅಂತ ಪಶುವೈದ್ಯರು ಹೇಳಿದ್ದಾರೆಯೇ? ಅದು ದಿನಾ ತಿನ್ನುವ ಊಟದಲ್ಲಿ ಇದು ಈಗಾಗಲೇ ಇದೆಯೇ? ಹೆಚ್ಚಾದರೆ ಹೊರಗೆ ಹೋಗುತ್ತದೆಯೋ ಒಳಗೆ ಕೂಡುತ್ತದೆಯೋ?

ಈ ನಾಲ್ಕು ಪ್ರಶ್ನೆ ದಾಟಿ ಬರುವ ಬಾಟಲಿ ಬಹಳ ಕಡಿಮೆ. ಒಳ್ಳೆಯ ಮಾಂಸಾಹಾರ ತಿನ್ನುವ ಆರೋಗ್ಯವಂತ ಫೆರೆಟ್‌ಗೆ ಬಹುಮಟ್ಟಿಗೆ ಯಾವುದೂ ಬೇಕಿಲ್ಲ. ಮನೆಯಲ್ಲೇ ಮಾಂಸ ತಯಾರಿಸಿ ಹಾಕುವವರಿಗೆ ಬೇಕಾಗಬಹುದು. ಬರೀ ಮಾಂಸದ ತುಂಡಿನಲ್ಲಿ ಮೂಳೆ ಇಲ್ಲ, ಹಾಗಾಗಿ ಕ್ಯಾಲ್ಸಿಯಂ ಕಡಿಮೆ. ಬೇಯಿಸಿ ನೀರು ಚೆಲ್ಲಿದರೆ ಟಾರಿನ್ ಅದರ ಜೊತೆ ಹೋಗುತ್ತದೆ. ಅಂಥವರು ವೈದ್ಯರ ಜೊತೆ ಕೂತು ಲೆಕ್ಕ ಹಾಕಿ ಕೊಡಬೇಕು. ಉಗುರು ಕತ್ತರಿಸುವಾಗ ಸುಮ್ಮನಿರಲಿ ಅಂತ ಹೊಟ್ಟೆಯ ಮೇಲೆ ಒಂದೆರಡು ಹನಿ ಎಣ್ಣೆ ಹಾಕಿ ನೆಕ್ಕಲು ಬಿಡುವುದು ಸಾಕಿದವರೆಲ್ಲ ಮಾಡುವ ಉಪಾಯ. ಅದನ್ನು ವಾರಕ್ಕೊಮ್ಮೆಯ ಲಂಚ ಅಂತ ಇಟ್ಟುಕೊಂಡರೆ ಸರಿ, ದಿನಾ ಕೊಡುವ ಆರೋಗ್ಯ ಅಂತ ತಿಳಿದುಕೊಂಡರೆ ತಪ್ಪು :)

ಹಾಲು ಬ್ರೆಡ್ಡು ಹಾಕಿದ ಹಳ್ಳಿಗರಿಗೂ ಫೆರೆಟ್ ಮೇಲೆ ಪ್ರೀತಿ ಇತ್ತು. ದಿನಾ ಸಿಹಿ ಪೇಸ್ಟ್ ನೆಕ್ಕಿಸುವವರಿಗೂ ಇದೆ. ಅದಕ್ಕೆ ಬೇಕಾದದ್ದು ಮಾತ್ರ ಅವತ್ತೂ ಇವತ್ತೂ ಒಂದೇ, ಒಂದು ಇಡೀ ಇಲಿಯಲ್ಲೋ ಮೊಲದಲ್ಲೋ ಇರುವಷ್ಟು, ಅದಕ್ಕಿಂತ ಕಡಿಮೆಯೂ ಬೇಡ, ಹೆಚ್ಚೂ ಬೇಡ. ಮುಂದಿನ ಸಲ ನಿಮ್ಮ ಮನೆಯ ಔಷಧಿ ಡಬ್ಬಿಯಲ್ಲಿರುವ ವಿಟಮಿನ್ ಮಾತ್ರೆಯನ್ನು ಕೈಗೆ ತೆಗೆದುಕೊಂಡಾಗಲೂ ಆ ನಾಲ್ಕು ಪ್ರಶ್ನೆ ಕೇಳಿ ನೋಡಿ. ನಿಮ್ಮಲ್ಲಿ ಯಾರಾದರೂ ಫೆರೆಟ್ ಸಾಕಿದ್ದರೆ ಅದಕ್ಕೆ ಏನು ಊಟ ಹಾಕುತ್ತೀರಿ ಅಂತ ಬರೆಯಿರಿ, ತಿಳಿದುಕೊಳ್ಳುವ ಕುತೂಹಲ ನನಗೂ ಇದೆ.